ಗೋಡೆಯ ಮೇಲಿನ ಮಾತು



ಮನೆಯಿಂದ ಶಾಲೆಗೆ ಬರುವಷ್ಟರಲ್ಲಿ ನೀವು ಎಷ್ಟು ಫಲಕಗಳನ್ನು ಓದುತ್ತೀರಿ ಎಂಬುದನ್ನು ಎಂದಾದರೂ ಎಣಿಸಿದ್ದೀರಾ? ಬಸ್ ನಿಲ್ದಾಣದಲ್ಲಿ ಒಂದು, ದವಾಖಾನೆಯ ಗೋಡೆಯ ಮೇಲೆ ಒಂದು, ವಿದ್ಯುತ್ ಕಂಬದ ಮೇಲೆ ಒಂದು, ಕಿರಾಣಿ ಅಂಗಡಿಯಲ್ಲಿ ಒಂದು, ಮುಂದೆ ಹೋಗುತ್ತಿರುವ ಲಾರಿಯ ಬೆನ್ನ ಮೇಲೆ ನಾಲ್ಕು. ನಮ್ಮ ಉದಗೀರದಂಥ ಊರಿನಲ್ಲಿ ಇವು ಮರಾಠಿಯಲ್ಲಿರುತ್ತವೆ, ಹಿಂದಿಯಲ್ಲಿರುತ್ತವೆ, ಉರ್ದುವಿನಲ್ಲಿರುತ್ತವೆ, ಇಂಗ್ಲಿಷಿನಲ್ಲಿರುತ್ತವೆ; ಅಲ್ಲೊಂದು ಇಲ್ಲೊಂದು ಕನ್ನಡದಲ್ಲೂ ಇರುತ್ತವೆ. ಭಾಷೆ ಬೇರೆಯಾದರೂ ಬಹುಪಾಲು ಫಲಕಗಳ ಧ್ವನಿ ಒಂದೇ. ಕನ್ನಡದಲ್ಲಿ ‘ಬಾರದು’, ಮರಾಠಿಯಲ್ಲಿ ‘ನಯೇ’, ಹಿಂದಿಯಲ್ಲಿ ‘ಸಖ್ತ್ ಮನಾ ಹೈ’. ಇನ್ನೊಂದು ಸಾಮ್ಯವೂ ಉಂಟು. ಯಾವುದನ್ನು ಮಾಡಬಾರದೆಂದು ಬರೆದಿರುತ್ತದೆಯೋ ಅದು ಆ ಫಲಕದ ಕೆಳಗೇ ನಿರಾತಂಕವಾಗಿ ನಡೆದಿರುತ್ತದೆ. ‘ಇಲ್ಲಿ ಉಗುಳಬಾರದು’ ಎಂಬ ಅಕ್ಷರಗಳ ಮೇಲೆಯೇ ಎಲೆಯಡಿಕೆಯ ಕೆಂಪು ಬಿದ್ದಿರುವುದನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ?

ಇದಕ್ಕೆ ನಾವು ಸಾಮಾನ್ಯವಾಗಿ ಹೇಳುವ ಕಾರಣ, ‘ನಮ್ಮ ಜನಕ್ಕೆ ಶಿಸ್ತಿಲ್ಲ’ ಎಂಬುದು. ಅದು ಅರ್ಧ ಮಾತು ಎಂದು ನನಗೆ ತೋರುತ್ತದೆ. ಉಳಿದರ್ಧ ಫಲಕ ಬರೆದವರಿಗೆ ಸಂಬಂಧಿಸಿದ್ದು. ಓದುವವನು ಯಾರು, ಅವನು ಯಾವ ಅವಸರದಲ್ಲಿದ್ದಾನೆ, ಅವನಿಗೇನು ಬೇಕಾಗಿದೆ ಎಂಬುದನ್ನು ಯೋಚಿಸದೆ ಬರೆದ ಮಾತು ಗೋಡೆಗೆ ಮಾತ್ರ ತಲುಪುತ್ತದೆ.

ಮೊದಲು ವ್ಯಾಕರಣವನ್ನೇ ನೋಡೋಣ. ಕನ್ನಡ ಮಾಸ್ತರರಿಗೆ ಇದು ಬಿಡಲಾಗದ ಚಟ. ತರಗತಿಯಲ್ಲಿ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂದು ಕ್ರಿಯಾಪದದ ರೂಪಗಳನ್ನು ಬಾಯಿಪಾಠ ಮಾಡಿರುತ್ತೀರಿ. ‘ಉಗುಳಬಾರದು’ ಎಂಬಲ್ಲಿ ಹೇಳುವವನೂ ಕಾಣಿಸುವುದಿಲ್ಲ, ಕೇಳುವವನೂ ಕಾಣಿಸುವುದಿಲ್ಲ. ಆಕಾಶವಾಣಿಯಂತೆ ಎಲ್ಲಿಂದಲೋ ಬಂದ ಮಾತು ಅದು. ‘ಉಗುಳಬೇಡ’ ಎಂದರೆ ಕೇಳುವವನು ಎದುರಿಗಿದ್ದಾನೆ, ಆದರೆ ಏಕವಚನದಲ್ಲಿದ್ದಾನೆ, ಅಂದರೆ ಚಿಕ್ಕವನಾಗಿದ್ದಾನೆ. ‘ಉಗುಳಬೇಡಿರಿ’ ಎಂದರೆ ಅವನಿಗೆ ಸ್ವಲ್ಪ ಗೌರವ ಬಂದಿತು. ‘ಉಗುಳದಿರೋಣ’ ಎಂದ ಕೂಡಲೇ ಹೇಳುವವನೂ ಕೇಳುವವನ ಪಕ್ಕಕ್ಕೆ ಬಂದು ನಿಂತುಬಿಟ್ಟನು. ತಪ್ಪು ಮಾಡುವ ಸಂಭವ ತನಗೂ ಇದೆ ಎಂದು ಒಪ್ಪಿದಂತಾಯಿತು. ಒಂದೇ ಧಾತುವಿನ ಈ ನಾಲ್ಕು ರೂಪಗಳಲ್ಲಿ ಮನುಷ್ಯ ಮನುಷ್ಯರ ನಡುವಿನ ನಾಲ್ಕು ಬಗೆಯ ದೂರಗಳಿವೆ. ಸರಕಾರಿ ಗೋಡೆಗಳಿಗೆ ಮೊದಲನೆಯ ರೂಪವೇ ಏಕೆ ಅಷ್ಟು ಪ್ರಿಯವೋ ತಿಳಿಯದು.

ಸಾರ್ವಜನಿಕರು ಓದಲೆಂದು ಕಲ್ಲಿನ ಮೇಲೆ ಬರೆಯಿಸುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಚಂದ್ರಲಾಂಬಾ ದೇವಸ್ಥಾನವಿರುವುದು ನಿಮ್ಮಲ್ಲಿ ಅನೇಕರಿಗೆ ಗೊತ್ತು. 1980ರ ದಶಕದ ಕೊನೆಯಲ್ಲಿ ಅಲ್ಲಿ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳು ಕಂಡುಬಂದವು. ಕಳಿಂಗದ ಜನರನ್ನು ಕುರಿತು ಬರೆಯಿಸಿದ, ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿರುವ ಪ್ರತ್ಯೇಕ ಶಾಸನಗಳೇ ಇಲ್ಲಿಯೂ ಇವೆ. ಎಲ್ಲ ಮನುಷ್ಯರೂ ತನ್ನ ಮಕ್ಕಳು, ತನ್ನ ಸ್ವಂತ ಮಕ್ಕಳಿಗೆ ಬಯಸುವ ಸುಖವನ್ನೇ ಅವರಿಗೂ ಬಯಸುತ್ತೇನೆ ಎಂಬ ಭಾವ ಆ ಶಾಸನಗಳಲ್ಲಿದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಚಕ್ರವರ್ತಿಯೊಬ್ಬ ತನ್ನ ಆಜ್ಞೆಯನ್ನು ಅಪ್ಪಣೆಯ ಮಾತಿನಿಂದಲ್ಲ, ಕಕ್ಕುಲತೆಯ ಮಾತಿನಿಂದ ಹೇಳಿದ್ದನ್ನು ಗಮನಿಸಿರಿ. ಅವನು ಪಂಡಿತರ ಸಂಸ್ಕೃತವನ್ನು ಬಿಟ್ಟು ಜನರ ಪ್ರಾಕೃತದಲ್ಲಿ ಬರೆಯಿಸಿದ; ವಾಯವ್ಯದ ಕಂದಹಾರದಲ್ಲಿ ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳಲ್ಲಿ ಬರೆಯಿಸಿದ. ಓದು ಬಾರದವರಿಗಾಗಿ, ತಿಷ್ಯ ನಕ್ಷತ್ರದ ದಿನ ಶಾಸನವನ್ನು ಓದಿ ಕೇಳಿಸಬೇಕೆಂದೂ ಕಲ್ಲಿನಲ್ಲೇ ಹೇಳಿಸಿದ. ಫಲಕ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ದೊರಕುವುದು ಕಷ್ಟ.

ಮುಂದೆ ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ದಾನಶಾಸನಗಳಿಗೆ ಬಂದರೆ ಅಲ್ಲಿ ಬೇರೊಂದು ಧಾಟಿ. ಶಾಸನದ ಕೊನೆಯಲ್ಲಿ ಶಾಪವಿರುತ್ತದೆ. ದಾನಕೊಟ್ಟ ಭೂಮಿಯನ್ನು ಕಸಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನು, ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುವನು ಎಂಬ ಅರ್ಥದ ಮಾತುಗಳು. ಶಿಲಾಹಾರರ, ಯಾದವರ ಕಾಲದ ಮಹಾರಾಷ್ಟ್ರದಲ್ಲಿ ಇದು ಇನ್ನೂ ಮುಂದುವರಿದು, ಕಲ್ಲಿನ ಮೇಲೆ ಕತ್ತೆಯ ಚಿತ್ರವನ್ನೇ ಕೆತ್ತಿಸಿದರು. ಅಂಥ ಕಲ್ಲಿಗೆ ಮರಾಠಿಯಲ್ಲಿ ‘ಗಧೇಗಳ’ ಎನ್ನುತ್ತಾರೆ. ಓದು ಬಾರದವನಿಗೂ ಬೈಗುಳ ಅರ್ಥವಾಗಲಿ ಎಂಬ ಉದ್ದೇಶ! ಆದರೆ ಶಾಪದ ಜೊತೆಗೇ ಅನೇಕ ಶಾಸನಗಳಲ್ಲಿ ಇನ್ನೊಂದು ಮಾತು ಬರುತ್ತದೆ. ಈ ಧರ್ಮ ಎಲ್ಲ ಅರಸರಿಗೂ ಸಮಾನವಾದ ಸೇತುವೆ, ಮುಂದೆ ಬರುವ ಅರಸರೇ ಇದನ್ನು ಕಾಪಾಡಿರಿ ಎಂದು ಶ್ರೀರಾಮಚಂದ್ರನೇ ಮತ್ತೆ ಮತ್ತೆ ಬೇಡಿಕೊಳ್ಳುತ್ತಾನೆ ಎಂಬುದು ಅದರ ತಾತ್ಪರ್ಯ. ಶಾಪ ಹಾಕಿದ ಬಾಯಿಯೇ ಬೇಡುತ್ತದೆ. ತಾನು ಸತ್ತ ಮೇಲೆ ತನ್ನ ಅಪ್ಪಣೆ ನಡೆಯದು, ನಡೆದರೆ ಮುಂದಿನವನ ಒಳ್ಳೆಯ ಮನಸ್ಸಿನಿಂದ ಮಾತ್ರ ನಡೆದೀತು ಎಂಬ ಅರಿವು ಆ ಅರಸರಿಗಿತ್ತು. ಫಲಕದ ಸ್ಥಿತಿಯೂ ಅದೇ. ಬರೆದವನು ಅಲ್ಲಿ ಕಾವಲು ನಿಂತಿರುವುದಿಲ್ಲ.

ಶಾಪದ ಕತ್ತೆ ಇಂದಿಗೂ ಬದುಕಿದೆ. ‘ನೋಡಿರಿ, ಕತ್ತೆ ಮೂತ್ರ ಮಾಡುತ್ತಿದೆ’ ಎಂಬ ಅರ್ಥದ ಹಿಂದಿ ಬರಹವನ್ನು ಊರೂರ ಗೋಡೆಗಳ ಮೇಲೆ ಕಾಣಬಹುದು. ನಗೆ ಬರುವುದೇನೋ ನಿಜ, ಆದರೆ ಯಾರಿಗೆ? ದಾರಿಹೋಕನಿಗೆ. ಗೋಡೆಯ ಮುಂದೆ ನಿಂತವನಿಗೆ ಅವಮಾನ, ಅಷ್ಟೇ. ಅವಮಾನಗೊಂಡವನು ತಿದ್ದಿಕೊಳ್ಳುವುದಕ್ಕಿಂತ ಹಟಕ್ಕೆ ಬೀಳುವುದೇ ಹೆಚ್ಚು. ಕೆಲವರು ಗೋಡೆಯುದ್ದಕ್ಕೂ ದೇವರ ಚಿತ್ರಗಳ ಹಂಚುಗಳನ್ನು ಅಂಟಿಸುತ್ತಾರೆ. ಅದರಿಂದ ಆ ಗೋಡೆ ಉಳಿಯಬಹುದು. ಮನುಷ್ಯ ಹತ್ತು ಹೆಜ್ಜೆ ಮುಂದಿನ, ದೇವರಿಲ್ಲದ ಗೋಡೆಗೆ ಹೋಗುತ್ತಾನೆ. ಏಕೆಂದರೆ ಅವನ ದೇಹದ ಅಗತ್ಯ ಹಾಗೆಯೇ ಇದೆ. ಸುತ್ತ ಎಲ್ಲಿಯೂ ಶೌಚಾಲಯವಿಲ್ಲದ ಸಂತೆಯಲ್ಲಿ ‘ಇಲ್ಲಿ ಮಾಡಬಾರದು’ ಎಂದು ಬರೆಯುವುದು ಎಷ್ಟರಮಟ್ಟಿಗೆ ನ್ಯಾಯ? ಹೆಣ್ಣುಮಕ್ಕಳ ಕಷ್ಟವನ್ನಂತೂ ಯಾವ ಗೋಡೆಯೂ ಕೇಳಿದ್ದಿಲ್ಲ.

2020ರ ಜನವರಿಯಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯವರು ಒಂದು ಉಪಾಯ ಹೂಡಿದರು. ಜನರು ಮೂತ್ರ ಮಾಡಿ ಕೆಡಿಸುತ್ತಿದ್ದ ಐದು ಜಾಗಗಳಲ್ಲಿ, ಚರ್ಚ್ ಸ್ಟ್ರೀಟ್ ಮತ್ತು ಕೃಷ್ಣರಾಜ ಮಾರುಕಟ್ಟೆ ಸಹ ಇದರಲ್ಲಿ ಸೇರಿದ್ದವು, ಆಳೆತ್ತರದ ಕನ್ನಡಿಗಳನ್ನು ನಿಲ್ಲಿಸಿದರು. ಬೈಗುಳವಿಲ್ಲ, ದಂಡದ ಮಾತಿಲ್ಲ. ಬಂದವನಿಗೆ ತನ್ನ ಮುಖವೇ ಕಾಣಿಸುತ್ತದೆ. ಇದರಲ್ಲಿ ತಮಾಷೆ ಇದೆ. ಅದಕ್ಕಿಂತ ಹೆಚ್ಚಾಗಿ ನನಗೆ ಹಿಡಿಸಿದ್ದು ಮತ್ತೊಂದು ಸಂಗತಿ. ಹತ್ತಿರದ ಶೌಚಾಲಯ ಎಲ್ಲಿದೆ ಎಂದು ಮೊಬೈಲಿನಿಂದ ತಿಳಿದುಕೊಳ್ಳುವ ಸಂಕೇತವನ್ನೂ ಅದರ ಜೊತೆಗೆ ಕೊಟ್ಟಿದ್ದರು. ‘ಇಲ್ಲಿ ಬೇಡ’ ಎಂಬುದರ ಜೊತೆಗೆ ‘ಅಲ್ಲಿದೆ’ ಎಂದು ಹೇಳಿದ ಫಲಕ ಅರ್ಧ ಕೆಲಸವನ್ನು ತಾನೇ ಮಾಡಿದಂತೆ.

ಇನ್ನು ನಗೆಯ ವಿಷಯ. ಕನ್ನಡ ನಾಡಿನ ರಸ್ತೆಗಳಲ್ಲಿ ‘ಅತಿವೇಗ, ತಿಥಿ ಬೇಗ’ ಎಂಬ ಬರಹವನ್ನು ನೀವು ಓದಿರಬೇಕು. ಮೂರೇ ಪದ. ವೇಗ, ಬೇಗ ಎಂಬ ಪ್ರಾಸ. ನಡುವೆ ‘ತಿಥಿ’ ಎಂಬ ಪದ ತಣ್ಣಗೆ ಕೂತಿದೆ. ಮೊದಲ ಓದಿಗೆ ನಗು, ಎರಡನೆಯ ಓದಿಗೆ ಎದೆ ಝಲ್ ಎನ್ನುವುದು. ಇದನ್ನೇ ‘ಅತಿಯಾದ ವೇಗದಲ್ಲಿ ವಾಹನ ಚಲಾಯಿಸಿದರೆ ಮರಣ ಸಂಭವಿಸಬಹುದು’ ಎಂದು ಬರೆದಿದ್ದರೆ ಯಾರೂ ಓದಿ ಮುಗಿಸುತ್ತಿರಲಿಲ್ಲ. ಅಷ್ಟರಲ್ಲಿ ವಾಹನವೇ ಮುಂದೆ ಹೋಗಿರುತ್ತಿತ್ತು. ಮರಾಠಿಯಲ್ಲಿ ‘ಅತಿ ಘಾಈ, ಸಂಕಟಾತ ನೇಈ’ ಎನ್ನುತ್ತಾರೆ. ಅತಿ ಅವಸರ ಸಂಕಟಕ್ಕೆ ಒಯ್ಯುತ್ತದೆ ಎಂದರ್ಥ. ಪ್ರಾಸವಿದೆ, ನಗೆಯಿಲ್ಲ, ನೆನಪಿನಲ್ಲಂತೂ ಉಳಿಯುತ್ತದೆ.

ಈ ಕಲೆಯಲ್ಲಿ ಭಾರತದಲ್ಲೆಲ್ಲ ಹೆಸರಾದವರು ಗಡಿ ರಸ್ತೆಗಳ ಸಂಸ್ಥೆಯವರು. 1960ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಹಿಮಾಲಯದ ದುರ್ಗಮ ಪ್ರದೇಶಗಳಲ್ಲಿ ರಸ್ತೆ ಕಡಿಯುತ್ತದೆ. ಲಡಾಖಿನಲ್ಲಿ ಅದರ ‘ಹಿಮಾಂಕ್’ ವಿಭಾಗ 1985ರಿಂದ ಕೆಲಸ ಮಾಡುತ್ತಿದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ. ನಡುವೆ ಹಳದಿ ಕಲ್ಲಿನ ಮೇಲೆ ಬರೆದಿರುತ್ತದೆ, ‘ಇದು ಹೆದ್ದಾರಿ, ರನ್‌ವೇ ಅಲ್ಲ’ ಎಂದು. ಇನ್ನೊಂದು ಕಡೆ, ‘ಮದುವೆಯಾಗಿದ್ದರೆ ವೇಗಕ್ಕೆ ವಿಚ್ಛೇದನ ಕೊಡಿ’. ಮತ್ತೊಂದು, ‘ಲೇಟ್ ಮಿಸ್ಟರ್ ಆಗುವುದಕ್ಕಿಂತ ಮಿಸ್ಟರ್ ಲೇಟ್ ಆಗುವುದು ಮೇಲು’. ಇಂಗ್ಲಿಷಿನ ‘ಲೇಟ್’ ಎಂಬುದಕ್ಕೆ ತಡ ಎಂಬ ಅರ್ಥವೂ ಇದೆ, ದಿವಂಗತ ಎಂಬ ಅರ್ಥವೂ ಇದೆ. ಹೆಸರಿನ ಹಿಂದೆ ಬಂದರೆ ಒಂದು, ಮುಂದೆ ಬಂದರೆ ಇನ್ನೊಂದು. ಮೈಲುಗಟ್ಟಲೆ ಏಕಾಂಗಿಯಾಗಿ, ತೆಳ್ಳಗಿನ ಗಾಳಿಯಲ್ಲಿ ತೂಕಡಿಸುತ್ತ ಲಾರಿ ನಡೆಸುವವನಿಗೆ ಇಂಥ ಫಲಕವೊಂದು ಜೊತೆಗಾರನಂತೆ. ಅವನು ನಕ್ಕರೆ ಎಚ್ಚರಾಗುತ್ತಾನೆ. ಅಲ್ಲಿ ನಗೆ ಅಲಂಕಾರವಲ್ಲ, ಔಷಧ.

ಇದು ಬರಿಯ ಮೋಜಿನ ವಿಷಯವಲ್ಲ ಎಂಬುದಕ್ಕೆ ಒಂದೇ ಅಂಕಿ ಸಾಕು. ಕೇಂದ್ರ ಸರಕಾರದ ಲೆಕ್ಕದ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ದಿನಕ್ಕೆ 460ಕ್ಕಿಂತ ಹೆಚ್ಚು. ಹೈದರಾಬಾದಿನಿಂದ ಸೊಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ ಉಮರ್ಗಾ ಇದೆ. ಅಲ್ಲಿಯ ಮಕ್ಕಳು ಆ ರಸ್ತೆಯನ್ನು ದಾಟಿ ಶಾಲೆಗೆ ಹೋಗಬೇಕು. ‘ಮುಂದೆ ಶಾಲೆ ಇದೆ’ ಎಂಬ ಫಲಕ ಓದಿ ಚಾಲಕನ ಕಾಲು ಬ್ರೇಕಿನ ಮೇಲೆ ಹೋಗುತ್ತದೆಯೋ ಇಲ್ಲವೋ ಎಂಬುದು ನಮಗೆ ಸಾಹಿತ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಪಂಡಿತರ ಫಲಕಗಳನ್ನು ಬಿಟ್ಟು ಜನರ ಫಲಕಗಳನ್ನು ನೋಡಿದರೆ ಅಲ್ಲಿ ಜಾಣತನ ಇನ್ನೂ ಹೆಚ್ಚು. ‘ಇಂದು ನಗದು, ನಾಳೆ ಸಾಲ’ ಎಂದು ಬರೆದ ಅಂಗಡಿಯವನು ಯಾರಿಗೂ ಇಲ್ಲ ಎಂದು ಹೇಳಲಿಲ್ಲ. ಕೊಡುತ್ತೇನೆ ಎಂದೇ ಹೇಳಿದ. ದಿನ ಮಾತ್ರ ನಾಳೆ. ಕೇಳಲು ಬಂದವನ ಮರ್ಯಾದೆಯೂ ಉಳಿಯಿತು, ಅಂಗಡಿಯ ಬಂಡವಾಳವೂ ಉಳಿಯಿತು. ಮರಾಠಿಯಲ್ಲೂ ಹಿಂದಿಯಲ್ಲೂ ಇದೇ ಮಾತು ಇದೆ. 1990ರ ದಶಕದಲ್ಲಿ ಕರ್ನಾಟಕದ ಹಲವೆಡೆ, ರಾತ್ರಿ ದೆವ್ವವೊಂದು ಬಂದು ಪರಿಚಿತರ ದನಿಯಲ್ಲಿ ಕೂಗಿ ಬಾಗಿಲು ಬಡಿಯುತ್ತದೆ ಎಂಬ ವದಂತಿ ಹಬ್ಬಿತ್ತು. ಜನರು ಬಾಗಿಲ ಮೇಲೆ ಬರೆದದ್ದೇನು? ‘ಪ್ರವೇಶ ನಿಷೇಧಿಸಿದೆ’ ಎಂದಲ್ಲ, ‘ನಾಳೆ ಬಾ’ ಎಂದು. ದೆವ್ವ ಓದಿಕೊಂಡು ಹೋಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ! ವದಂತಿ ವದಂತಿಯೇ, ಅದನ್ನು ನಂಬಬೇಕಾಗಿಲ್ಲ. ಆದರೆ ದೆವ್ವದೊಂದಿಗೂ ಸೌಜನ್ಯದಿಂದ ಮಾತಾಡಿದ ಜನ ನೆರೆಯವನೊಂದಿಗೆ ಮಾತಾಡುವಾಗ ಮಾತ್ರ ‘ಸಖ್ತ್ ಮನಾ’ ಎನ್ನುವುದೇಕೆ ಎಂದು ನಾನು ಅನೇಕ ಸಲ ಆಲೋಚಿಸಿದ್ದೇನೆ.

ಮರಾಠಿ ಓದುವ ನಿಮಗೆ ಪುಣೆಯ ಪಾಟಿಗಳನ್ನು ಬೇರೆ ಪರಿಚಯಿಸಬೇಕಾಗಿಲ್ಲ. ‘ಗೇಟಿನ ಮುಂದೆ ಗಾಡಿ ನಿಲ್ಲಿಸಿದರೆ ಗಾಲಿಯ ಗಾಳಿ ಬಿಡಲಾಗುವುದು’ ಎಂಬುದು ಅವುಗಳಲ್ಲಿ ಸಾಮಾನ್ಯವಾದದ್ದು. ಗಂಟೆ ಒತ್ತಿದ ಮೇಲೆ ತಾಳ್ಮೆಯಿಂದಿರಿ, ಒಳಗಿರುವವರು ಮನುಷ್ಯರು ಎಂಬ ಧಾಟಿಯವೂ ಇವೆ. ಕಡಿಮೆ ಮಾತು, ಹರಿತವಾದ ನಾಲಗೆ. ಓದಿ ನಗುವವರು ಲಕ್ಷಾಂತರ. ಇವುಗಳ ಸಂಗ್ರಹಗಳನ್ನೇ ಜನ ಇಟ್ಟುಕೊಂಡಿದ್ದಾರೆ. ನನಗೂ ಅವು ಇಷ್ಟ. ಆದರೂ ಅವುಗಳಲ್ಲಿ ಕೆಲವು ಕಚಗುಳಿ ಇಡುತ್ತವೆ, ಕೆಲವು ಚುಚ್ಚುತ್ತವೆ. ಮನೆಯೊಳಗೆ ಮನುಷ್ಯರಿದ್ದಾರೆ ಎಂಬುದು ಕಚಗುಳಿ, ಏಕೆಂದರೆ ಅಲ್ಲಿ ಒಬ್ಬ ಮುದುಕ ಮೆಲ್ಲಗೆ ಎದ್ದು ಬರುವುದು ನಮ್ಮ ಕಣ್ಣಿಗೆ ಕಟ್ಟುತ್ತದೆ. ಗಾಳಿ ಬಿಡುವ ಮಾತು ಬೆದರಿಕೆ; ನಗೆಯ ಅಂಗಿ ತೊಟ್ಟಿದೆ ಅಷ್ಟೇ.

ಫಲಕವೇ ತಪ್ಪು ಕಲಿಸುವುದೂ ಉಂಟು. ಲಾರಿಗಳ ಹಿಂದೆ ‘ಹಾರ್ನ್ ಓಕೆ ಪ್ಲೀಸ್’ ಎಂದು ಬರೆಯುವ ಪದ್ಧತಿ ದೇಶಕ್ಕೆಲ್ಲ ಹಬ್ಬಿದ್ದು ನಿಮಗೆ ಗೊತ್ತು. ಅದು ಸುಮ್ಮಸುಮ್ಮನೆ ಹಾರ್ನ್ ಬಾರಿಸಲು ಜನರಿಗೆ ಪ್ರೋತ್ಸಾಹ ಕೊಡುತ್ತದೆಂದು ಮಹಾರಾಷ್ಟ್ರ ಸರಕಾರ 2015ರಲ್ಲಿ ಅದನ್ನು ನಿಷೇಧಿಸಿತು. ಮುಂಬಯಿಯ ಪೊಲೀಸರು 2020ರ ಜನವರಿ ಕೊನೆಯಲ್ಲಿ ಜನರ ಮುಂದಿಟ್ಟ ಪ್ರಯೋಗ ಇದಕ್ಕಿಂತ ರಸವತ್ತಾದದ್ದು. ಸಿಗ್ನಲ್ ಕಂಬಕ್ಕೆ ಶಬ್ದಮಾಪಕ ಜೋಡಿಸಿದರು. ಹಾರ್ನಿನ ಗದ್ದಲ 85 ಡೆಸಿಬಲ್ ದಾಟಿದರೆ ಕೆಂಪು ದೀಪದ ಎಣಿಕೆ ಮತ್ತೆ ಮೊದಲಿನಿಂದ ಆರಂಭ. ‘ಹೆಚ್ಚು ಹಾರ್ನ್, ಹೆಚ್ಚು ಕಾಯುವಿಕೆ’ ಎಂದು ಫಲಕ. ಅವಸರ ಮಾಡಿದವರಿಗೆ ಅವಸರವೇ ಶಿಕ್ಷೆ. ಪಕ್ಕದವನು ತಾನೇ ತಿರುಗಿ ‘ಸುಮ್ಮನಿರೋ ಮಾರಾಯಾ’ ಎನ್ನುವಂತಾಯಿತು.

ಅನುಕಂಪದ ಮಾತಿಗೆ ಬರೋಣ. ಅಮೆರಿಕೆಯ ಒಂದು ಆಸ್ಪತ್ರೆಯಲ್ಲಿ ಆಡಮ್ ಗ್ರಾಂಟ್ ಮತ್ತು ಡೇವಿಡ್ ಹಾಫ್‌ಮನ್ ಎಂಬ ಇಬ್ಬರು ವಿದ್ವಾಂಸರು ಮಾಡಿದ ಪರೀಕ್ಷೆ 2011ರಲ್ಲಿ ಪ್ರಕಟವಾಯಿತು. ಕೈ ತೊಳೆಯುವ ಸಾಬೂನಿನ ಬಳಿ ಎರಡು ಬಗೆಯ ಫಲಕಗಳನ್ನು ಹಾಕಿದರು. ಒಂದರಲ್ಲಿ, ಕೈಗಳ ಸ್ವಚ್ಛತೆ ನಿಮಗೆ ರೋಗ ಬಾರದಂತೆ ತಡೆಯುತ್ತದೆ ಎಂದಿತ್ತು. ಇನ್ನೊಂದರಲ್ಲಿ ‘ನಿಮಗೆ’ ಎಂಬುದನ್ನು ತೆಗೆದು ‘ರೋಗಿಗಳಿಗೆ’ ಎಂದು ಬರೆದಿತ್ತು. ಒಂದೇ ಪದದ ವ್ಯತ್ಯಾಸ. ಮೊದಲನೆಯದರಿಂದ ವೈದ್ಯರ, ದಾದಿಯರ ನಡತೆ ಬದಲಾಗಲಿಲ್ಲ. ಎರಡನೆಯದನ್ನು ಹಾಕಿದ ಕಡೆ ಸಾಬೂನಿನ ಬಳಕೆ ಸುಮಾರು ಮೂರನೆಯ ಒಂದು ಭಾಗದಷ್ಟು ಹೆಚ್ಚಿತು. ತನಗೇನೂ ಆಗದು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಹಾಸಿಗೆಯಲ್ಲಿ ಮಲಗಿದ ಇನ್ನೊಬ್ಬನ ಮುಖ ನೆನಪಾದರೆ ಕೈ ನಲ್ಲಿಯ ಕಡೆಗೆ ಹೋಗುತ್ತದೆ. ನಮ್ಮ ರಸ್ತೆಗಳಲ್ಲಿ ಕಾಣುವ ‘ಮನೆಯಲ್ಲಿ ನಿಮಗಾಗಿ ಕಾಯುತ್ತಿದ್ದಾರೆ’ ಎಂಬ ಫಲಕದ ಒಳಗುಟ್ಟೂ ಇದೇ ಇರಬೇಕು.

ಇನ್ನೊಂದು ಪ್ರಯೋಗವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇದರಲ್ಲಿ ಶಿಕ್ಷಕರಿಗೂ ಪಾಠವಿದೆ. ಅಮೆರಿಕೆಯ ಅರಿಜೋನಾ ರಾಜ್ಯದಲ್ಲಿ ಕಲ್ಲಾಗಿ ಹೋದ ಪ್ರಾಚೀನ ಮರಗಳ ರಾಷ್ಟ್ರೀಯ ಉದ್ಯಾನವಿದೆ. ಪ್ರವಾಸಿಗರು ಚೂರುಗಳನ್ನು ಜೇಬಿಗಿಳಿಸುತ್ತಿದ್ದರು. ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಗುರುತು ಮಾಡಿದ ಚೂರುಗಳನ್ನು ದಾರಿಯಲ್ಲಿಟ್ಟು, ಬೇರೆ ಬೇರೆ ಫಲಕಗಳನ್ನು ಹಾಕಿ ನೋಡಿದರು. ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿದರು. ‘ದಯವಿಟ್ಟು ಒಯ್ಯಬೇಡಿರಿ’ ಎಂಬ ಸರಳ ಫಲಕವಿದ್ದಲ್ಲಿ ಕಳವಾದದ್ದು ನೂರಕ್ಕೆ 1.67. ‘ಹಿಂದೆ ಬಂದ ಅನೇಕರು ಒಯ್ದುಬಿಟ್ಟಿದ್ದಾರೆ’ ಎಂದು ಗೋಳಾಡಿದ ಫಲಕವಿದ್ದಲ್ಲಿ ನೂರಕ್ಕೆ 7.92! ಎಲ್ಲರೂ ಮಾಡುತ್ತಾರೆ ಎಂದು ಫಲಕವೇ ಹೇಳಿದ ಮೇಲೆ ತಾನೊಬ್ಬ ಏಕೆ ಬಿಡಬೇಕು ಎಂದು ಮನುಷ್ಯ ಯೋಚಿಸುತ್ತಾನೆ. ‘ಈ ತರಗತಿಯಲ್ಲಿ ಯಾರೂ ಮನೆಗೆಲಸ ಮಾಡುವುದಿಲ್ಲ’ ಎಂದು ದಿನಾಲೂ ಹೇಳುವುದರ ಪರಿಣಾಮವನ್ನು ನೀವೇ ಊಹಿಸಿರಿ.

ಎಲ್ಲ ಕಡೆಗೂ ನಗೆ ಸಲ್ಲದು. 440 ವೋಲ್ಟಿನ ಪೆಟ್ಟಿಗೆಯ ಮೇಲೆ ಚಾಟು ಬರೆಯಬಾರದು. ಅಲ್ಲಿ ತಲೆಬುರುಡೆಯೂ ಎರಡು ಎಲುಬುಗಳೂ ಇರಬೇಕು. ಆದರೆ ಅಲ್ಲಿಯೂ ಓದುವವನ ಭಾಷೆಯ ಪ್ರಶ್ನೆ ಬರುತ್ತದೆ. ಗಡಿಯ ಮಕ್ಕಳಾದ ನಮಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಮರಾಠಿಯಲ್ಲಿ ‘ಧೋಕಾ’ ಎಂದರೆ ಅಪಾಯ. ನಾವು ಕನ್ನಡದಲ್ಲಿ ‘ದೋಖಾ’ ಎಂದರೆ ಮೋಸ. ಹಳ್ಳಿಯಿಂದ ಹೊಸದಾಗಿ ಬಂದ ಹುಡುಗನೊಬ್ಬ ಟ್ರಾನ್ಸ್‌ಫಾರ್ಮರಿನ ಮೇಲೆ ಅದನ್ನೋದಿ ‘ಇದು ಯಾರಿಗೆ ಮೋಸ ಮಾಡಿದೆ?’ ಎಂದರೆ ನಗಬಹುದು, ಆದರೆ ಆ ನಗು ಬಹಳ ಹೊತ್ತು ಉಳಿಯಬಾರದು. ‘ಸಾವಧಾನ’ ಎಂಬುದೂ ಹಾಗೆಯೇ. ಮರಾಠಿ, ಹಿಂದಿಗಳಲ್ಲಿ ಅದು ‘ಎಚ್ಚರ!’, ಕನ್ನಡದಲ್ಲಿ ‘ನಿಧಾನವಾಗಿ, ತಾಳ್ಮೆಯಿಂದ’. ಒಂದು ಮೈಯನ್ನು ಸೆಟೆಸುತ್ತದೆ, ಇನ್ನೊಂದು ಸಡಿಲಿಸುತ್ತದೆ. ನಮ್ಮ ‘ಅತಿವೇಗ, ತಿಥಿ ಬೇಗ’ ಎಂಬುದನ್ನು ದೇವನಾಗರಿಯಲ್ಲಿ ಬರೆದಿಟ್ಟರೆ ಮರಾಠಿಗನಿಗೆ ನಗೆಯೂ ಬಾರದು, ಭಯವೂ ಆಗದು. ತಿಥಿ ಎಂದ ಕೂಡಲೇ ಅವನಿಗೆ ಮೊದಲು ನೆನಪಾಗುವುದು ಪಂಚಾಂಗದ ಪಾಡ್ಯ, ಬಿದಿಗೆ. ನಗೆಯನ್ನು ಅನುವಾದಿಸುವುದಕ್ಕಿಂತ ಹೊಸದಾಗಿ ಹುಟ್ಟಿಸುವುದೇ ಸುಲಭ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ಗೆರೆ ಸರಿಯಿತು, ಮನೆಮಾತು ಸರಿಯಲಿಲ್ಲ. ರಾಜ್ಯಭಾಷೆಯಾದ ಮರಾಠಿಗೆ ಫಲಕಗಳಲ್ಲಿ ಅಗ್ರಸ್ಥಾನ ಸಲ್ಲಬೇಕಾದದ್ದೇ. ಅದರ ಕೆಳಗೆ ಇನ್ನೊಂದು ಸಾಲು ಸೇರಿದರೆ ಅದಕ್ಕೆ ಕುಂದಿಲ್ಲ. ನಮ್ಮದೇ ರಾಜ್ಯದ ಅಕೋಲಾ ಜಿಲ್ಲೆಯ ಪಾತೂರ ನಗರಸಭೆಯ ಫಲಕದಲ್ಲಿ ಮರಾಠಿಯ ಜೊತೆಗೆ ಉರ್ದು ಇರಬಹುದೇ ಎಂಬ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ 2025ರ ಏಪ್ರಿಲ್ 15ರಂದು ಇರಬಹುದು ಎಂದೇ ತೀರ್ಪು ಕೊಟ್ಟಿತು. ದವಾಖಾನೆಯ ಬಾಗಿಲಲ್ಲಿ ನಿಂತ ಮುದುಕಿಗೆ ತನ್ನ ಲಿಪಿಯ ಒಂದು ಸಾಲು ಕಂಡರೆ, ಆ ಸಾಲಿನಲ್ಲಿ ನಗೆಯಿರಲಿ ಬಿಡಲಿ, ಯಾರೋ ತನ್ನನ್ನು ನೆನೆದಿದ್ದಾರೆ ಎಂಬ ಸಮಾಧಾನ ಅವಳಿಗಾಗುತ್ತದೆ.

ನಮ್ಮ ಜಿಲ್ಲೆಯ ನೀರಿನ ಮಾತೊಂದು ಉಳಿದಿದೆ. 2016ರ ಬರಗಾಲವನ್ನು ನಿಮ್ಮ ತಂದೆತಾಯಿಗಳು ಮರೆತಿರಲಾರರು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಲಾತೂರಿನ ನೀರಿನ ಟಾಕಿಗಳ ಸುತ್ತ ಜನ ಗುಂಪುಗೂಡದಂತೆ 144ನೇ ಕಲಮಿನ ನಿಷೇಧಾಜ್ಞೆ ಹೊರಟಿತು. ಏಪ್ರಿಲ್ 12ರಂದು ಮೀರಜಿನಿಂದ 10 ವ್ಯಾಗನ್ನುಗಳಲ್ಲಿ ಸುಮಾರು 5 ಲಕ್ಷ ಲೀಟರ್ ನೀರು ಹೊತ್ತು ರೈಲು ಬಂದಿತು. ಅದಕ್ಕೆ ‘ಜಲದೂತ’ ಎಂದು ಹೆಸರಿಟ್ಟರು. ಒಂದೇ ನೀರಿಗೆ ಸಂಬಂಧಿಸಿದ ಎರಡು ಮಾತುಗಳು ಇವು. ಕಲಮು ಜನರನ್ನು ದೂರ ನಿಲ್ಲಿಸಿತು. ಅದು ಅಗತ್ಯವಿತ್ತೆಂದೇ ಒಪ್ಪೋಣ. ಆದರೆ ಜನರ ಬಾಯಲ್ಲಿ ಉಳಿದದ್ದು ಜಲದೂತ ಎಂಬ ಹೆಸರು.

ಈ ವರ್ಷ ಒಂಬತ್ತನೆಯ ತರಗತಿಯವರಿಗೆ ನಿಬಂಧದ ಬದಲಾಗಿ ಶಾಲೆಯ ನಲ್ಲಿಗಳ ಬಳಿ ಹಾಕಲು ಒಂದೊಂದು ಫಲಕ ಬರೆದು ತರುವಂತೆ ಹೇಳಿದ್ದೆ. ‘ನೀರು ಪೋಲು ಮಾಡಬಾರದು, ಮಾಡಿದರೆ ದಂಡ’ ಎಂದು ಹದಿನಾಲ್ಕು ಜನ ಬರೆದು ತಂದರು. ದಂಡದ ಮೊತ್ತ ಐದು ರೂಪಾಯಿಯಿಂದ ಐದು ಸಾವಿರದವರೆಗೆ ಇತ್ತು. ಒಬ್ಬ ಹುಡುಗಿ ‘ನಲ್ಲಿ ಅಳುತ್ತಿದೆ, ಕಣ್ಣೊರೆಸಿ ಹೋಗಿರಿ’ ಎಂದು ಬರೆದಿದ್ದಳು. ಇನ್ನೊಬ್ಬ, ‘ನಿನ್ನ ಹಿಂದೆ ಐದನೆಯ ತರಗತಿಯ ತಮ್ಮ ನಿಂತಿದ್ದಾನೆ, ಅವನಿಗೂ ಬಾಯಾರಿದೆ’ ಎಂದು ಬರೆದಿದ್ದ. ಎರಡನ್ನೂ ತೂಗುಹಾಕುವುದೆಂದು ತರಗತಿಯೇ ತೀರ್ಮಾನಿಸಿತು. ಮರಾಠಿಯ ಸಾಲುಗಳನ್ನು ಮಕ್ಕಳೇ ಹೊಸದಾಗಿ ಕಟ್ಟಿದರು.

ತೂಗುಹಾಕಲು ಹೋದಾಗ ಒಂದು ಸಂಗತಿ ಬೆಳಕಿಗೆ ಬಂತು. ಮೂರು ನಲ್ಲಿಗಳಲ್ಲಿ ಒಂದು, ಎಷ್ಟು ತಿರುಗಿಸಿದರೂ ನಿಲ್ಲುತ್ತಿರಲಿಲ್ಲ. ಒಳಗಿನ ವಾಷರ್ ಸವೆದಿತ್ತು. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ, ಸೆಕೆಂಡಿಗೊಂದು ಹನಿಯಂತೆ ದಿನಕ್ಕೆ ನಾಲ್ಕು ಲೀಟರಿಗೂ ಮಿಕ್ಕಿ ಹರಿದುಹೋಗುತ್ತದೆ ಎಂದು ಮಕ್ಕಳು ಅಲ್ಲೇ ಲೆಕ್ಕ ಹಾಕಿದರು. ಮುಚ್ಚಲು ಬಾರದ ನಲ್ಲಿಯ ಮೇಲೆ ‘ಕಣ್ಣೊರೆಸಿ ಹೋಗಿರಿ’ ಎಂದು ಬರೆದರೆ ಅದು ಮಕ್ಕಳನ್ನು ಗೇಲಿ ಮಾಡಿದಂತೆ ಎಂದು ಆ ಹುಡುಗಿಯೇ ಹೇಳಿದಳು. ಮೊದಲು ವಾಷರ್ ತರಿಸಲಾಯಿತು. ಫಲಕ ಮರುವಾರ ಏರಿತು, ಐದನೆಯ ತರಗತಿಯವರ ಕಣ್ಣಿಗೆ ನಿಲುಕುವಷ್ಟು ಎತ್ತರದಲ್ಲಿ, ಎರಡು ಲಿಪಿಗಳಲ್ಲಿ.